ಕಾಲಮ್ ಎತ್ತರಿಸಬೇಕೇ?

ಬಾಳೂರು ಕಡೆಯ ಕಾಫಿ ತೋಟದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇದೆ, ಪಂಪ್‌ಸೆಟ್ ಇದೆ, ಕಳೆ ಹೊಡೆಯುವ ಯಂತ್ರ ಇದೆ, ಮೆಣಸು ಬಿಡಿಸುವ ಯಂತ್ರ ಇದೆ. ಯಾವುದು ಕೆಟ್ಟರೂ ಬಣಕಲ್ಲಿಗೆ, ಮೂಡಿಗೆರೆಗೆ, ಅಲ್ಲೂ ಆಗದಿದ್ದರೆ ಚಿಕ್ಕಮಗಳೂರಿಗೆ ಹೊತ್ತುಕೊಂಡು ಹೋಗಬೇಕು. ಅದಕ್ಕೇ ಕೈ ಸ್ವಲ್ಪ ಓಡುವ ಹುಡುಗರು ಶೆಡ್ಡಿನಲ್ಲಿ ತಮ್ಮದೇ ಒಂದು ಸಣ್ಣ ವರ್ಕ್‌ಶಾಪ್ ಕಟ್ಟಿಕೊಳ್ಳಲು ಆಸೆಪಡುತ್ತಾರೆ. ಇಲ್ಲಿ ಮಾತಾಡುವ ಅಳಿಯ ಅಂಥವನು. ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದಿದ್ದಾನೆ. ಮಾವ ಎಂದರೆ ಅವನ ತಾಯಿಯ ಅಣ್ಣ. ಕುದುರೆಮುಖದ ಗಣಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತ ಮೇಲೆ ಕಳಸದ ಹತ್ತಿರ ನೆಲೆಸಿದವರು. ಇಂಥ ಮಾವ, ಇಂಥ ಅಳಿಯ ನಮ್ಮ ಕಡೆ ಯಾವ ತೋಟದಲ್ಲಾದರೂ ಸಿಗಬಹುದು.

ಅಳಿಯನ ಬಳಿ ಇರುವುದು 60 ಕಿಲೋ ಆಸುಪಾಸಿನ, ಸೀಗ್ ಎಕ್ಸ್2 ಮಾದರಿಯ ಚೀನಾದ ಸಣ್ಣ ಮಿಲ್ಲಿಂಗ್ ಯಂತ್ರ. ಲೇತಿನಲ್ಲಿ ಜಾಬು, ಅಂದರೆ ಕೊರೆಯಬೇಕಾದ ತುಂಡು, ತಿರುಗುತ್ತದೆ, ಟೂಲು ನಿಂತಿರುತ್ತದೆ. ಮಿಲ್ಲಿಂಗಿನಲ್ಲಿ ತಿರುಗುವುದು ಟೂಲು. ಟೇಬಲ್ಲಿನ ಮೇಲೆ ಬಿಗಿದ ಜಾಬು ಅದರ ಕೆಳಗೆ ಸರಿಯುತ್ತದೆ. ಹಿಂದೆ ನಿಂತ ಕಂಬವೇ ಕಾಲಮ್. ಮೋಟಾರು, ಸ್ಪಿಂಡಲ್ ಎರಡೂ ಇರುವ ಹೆಡ್ಡು ಆ ಕಾಲಮ್ಮಿನ ಮೇಲೆ ಹತ್ತಿ ಇಳಿಯುತ್ತದೆ. ಈ ಯಂತ್ರದಲ್ಲಿ ಸ್ಪಿಂಡಲ್ಲಿನ ಮೂತಿಯಿಂದ ಟೇಬಲ್ಲಿಗೆ ಸಿಗುವ ಜಾಗ ಹೆಚ್ಚೆಂದರೆ 280 ಮಿ.ಮೀ. ಅದು ಸಾಲದು ಎಂಬಲ್ಲಿಂದ ಮಾತು ಶುರುವಾಯಿತು. ಕೊಯ್ಲಿಗೆ ಇನ್ನೂ ಕೆಲವು ವಾರ ಇತ್ತು.

ಅಳಿಯ: ನೋಡಿ ಮಾವ, ಪಲ್ಪರಿನ ಬೇರಿಂಗ್ ಬ್ರಾಕೆಟ್ಟು. ಮೇಲಿನ ಕ್ಯಾಪ್ ಬಿಗಿಯುವ ಎರಡು ತೂತಲ್ಲೂ ಮರೆ ಸವೆದುಹೋಗಿದೆ. ಎಂ10 ಇದ್ದದ್ದನ್ನ ಎಂ12 ಮಾಡಬೇಕು. ಅದಕ್ಕೆ 10.2 ಎಂಎಂ ಬಿಟ್ಟು ಇಳಿಸಬೇಕು. ವೈಸಿಗೆ ಕಟ್ಟಿದರೆ ಚಕ್ಕಿಗೆ ಬಿಟ್ಟು ಹಾಕೋಕೇ ಜಾಗ ಇಲ್ಲ. ಹೆಡ್ಡು ಕಾಲಮ್ಮಿನ ತುದಿಗೆ ಹೋಗಿ ನಿಂತಿದೆ. ಕಾಲಮ್ಮಿನ ಬುಡಕ್ಕೆ 80 ಎಂಎಂ ಬ್ಲಾಕ್ ಕೊಟ್ಟು ಎತ್ತರಿಸೋದು ಅಂತ ತೀರ್ಮಾನ ಮಾಡಿದ್ದೇನೆ.

ಮಾವ: ತೀರ್ಮಾನ ಆಮೇಲೆ ಮಾರಾಯ. ಮೊದಲು ಸ್ಟೀಲ್ ಸ್ಕೇಲ್ ತಾ. ವೈಸ್ ಎಷ್ಟು ಎತ್ತರ ಇದೆ?

ಅಳಿಯ: 80.

ಮಾವ: ಬ್ರಾಕೆಟ್ಟು?

ಅಳಿಯ: 90.

ಮಾವ: ಸ್ಪಿಂಡಲ್ಲಿಂದ ಹೊರಗೆ ಡ್ರಿಲ್ ಚಕ್ಕು 100 ಬಂದಿದೆ. ಬಿಟ್ಟಿನ ಪೂರಾ ಉದ್ದ 133, ಚಕ್ಕಿನೊಳಗೆ 30 ಹೋದರೂ ಹೊರಗೆ 103. ಎಲ್ಲ ಕೂಡಿಸು.

ಅಳಿಯ: 373. ಇರೋದು 280. ಅದನ್ನೇ ನಾನು ಹೇಳೋದು, 93 ಕಡಿಮೆ ಬಿತ್ತು.

ಮಾವ: ನಿನ್ನ ಜಾಬು ತಿಂದದ್ದು ಬರೀ 90. ಮಿಕ್ಕ 283 ತಿಂದವರು ಯಾರು? ವೈಸು, ಚಕ್ಕು, ಬಿಟ್ಟು. ಬ್ರಾಕೆಟ್ಟಿನ ತಳ ಮಟ್ಟಸ ಇದೆ, ಅದಕ್ಕೆ ವೈಸ್ ಎಂತಕ್ಕೆ? ಟೇಬಲ್ಲಿನ ಟಿ-ಸ್ಲಾಟಿಗೆ ಬೋಲ್ಟ್ ಹಾಕಿ, ಎರಡು ಕ್ಲಾಂಪಲ್ಲಿ ನೇರ ಬಿಗಿ. 80 ಉಳೀತು. ಎಂಡ್‌ಮಿಲ್ ಹಿಡಿಯೋಕೆ ಅಂತ ಇಆರ್ ಕಾಲೆಟ್ ಚಕ್ ಇಟ್ಟುಕೊಂಡಿದ್ದೀಯಲ್ಲ, ಅದು ಎಷ್ಟು ಹೊರಗೆ ಬರ್ತದೆ?

ಅಳಿಯ: 60 ಬರಬಹುದು.

ಮಾವ: ಅಲ್ಲಿ 40 ಉಳೀತು. ಅದರಲ್ಲೇ ಬಿಟ್ಟು ಹಿಡಿ. ಡ್ರಿಲ್ ಚಕ್ಕಿಗಿಂತ ನೆಟ್ಟಗೆ ತಿರುಗ್ತದೆ. ಇನ್ನು ಬಿಟ್ಟು. ಇದೇ ಅಳತೆಯಲ್ಲಿ ಗಿಡ್ಡ ಬಿಟ್ಟು ಬರ್ತದೆ, ಸ್ಟಬ್ ಅಂತಾರೆ. 133ರ ಜಾಗದಲ್ಲಿ 89. ಸುರುಳಿ 43 ಇರ್ತದೆ, ನಿನಗೆ ಬೇಕಾದ ಆಳ 30. ತರೋಕೆ ಪೇಟೆಗೆ ಹೋಗೋದೂ ಬೇಡ. ಮುರಿದ ಬಿಟ್ಟಿದ್ದರೆ ತಾ, ಗ್ರೈಂಡರಲ್ಲಿ ಮೂತಿ ಮಾಡಿಕೊಡ್ತೇನೆ. ಎರಡು ತುಟಿಯೂ ಒಂದೇ ಉದ್ದ ಇರಬೇಕು, ಅಷ್ಟೆ. ಒಂದು ತುಟಿ ಉದ್ದ ಆದರೆ ತೂತು ದೊಡ್ಡದಾಗ್ತದೆ. ಈಗ ಲೆಕ್ಕ ಹಾಕು.

ಅಳಿಯ: ಜಾಬು 90, ಕಾಲೆಟ್ 60, ಬಿಟ್ಟು ಹೊರಗೆ ಒಂದು 60. ಒಟ್ಟು 210. ಇನ್ನೂ 70 ಮಿಗ್ತದೆ.

ಮಾವ: ಯಂತ್ರಕ್ಕೆ ಸ್ಪ್ಯಾನರ್ ಮುಟ್ಟಿಸದೆ ಆಯ್ತಲ್ಲ. ಗಿಡ್ಡ ಬಿಟ್ಟು ಓಲಾಡೋದಿಲ್ಲ, ಸವೆದ ಮರೆಯ ಮೇಲೆ ಇಟ್ಟರೂ ಪಕ್ಕಕ್ಕೆ ಜಾರೋದಿಲ್ಲ. ಉದ್ದ ಬಿಟ್ಟಲ್ಲಿ ಹಾಕಿದ್ದರೆ ತೂತು ಸೊಟ್ಟ ಆಗ್ತಿತ್ತು.

ಇಷ್ಟರಲ್ಲೇ ಮಾತು ಮುಗಿದಿದ್ದರೆ ಬರೆಯುವಂಥದ್ದು ಏನೂ ಇರಲಿಲ್ಲ. ಇಂಥ ಸಣ್ಣ ಯಂತ್ರ ಇಟ್ಟುಕೊಂಡವರಲ್ಲಿ ಹೆಚ್ಚಿನವರಿಗೆ ಎತ್ತರದ ಕೊರತೆ ಕಾಣುವುದು ಡ್ರಿಲ್ಲಿಂಗ್ ಮಾಡುವಾಗಲೇ, ಆ ಕೊರತೆ ಹೆಚ್ಚಿನ ಸಲ ಹೀಗೇ ನೀಗುತ್ತದೆ. ಆದರೆ ಅಳಿಯ ಬೆಂಚಿನ ಕೆಳಗಿಂದ ಇನ್ನೊಂದು ಜಾಬು ಎಳೆದ. ಸ್ಪ್ರಿಂಕ್ಲರ್ ಪಂಪಿನ ಬೀಡಿನ ಕೇಸಿಂಗ್, ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ.

ಅಳಿಯ: ಬ್ರಾಕೆಟ್ ವಿಷಯ ಒಪ್ಪಿದೆ. ಇದಕ್ಕೆ ಏನು ಹೇಳ್ತೀರಿ? ಬೇರಿಂಗ್ ಕೂರುವ ಜಾಗ ಸವೆದು ಲೂಸ್ ಆಗಿದೆ. ಬೋರ್ ಮಾಡಿ ಬುಷ್ ಕೂರಿಸಬೇಕು. ಕೇಸಿಂಗ್ ಎತ್ತರ 170. ಬೋರಿಂಗ್ ಹೆಡ್, ಬಾರ್ ಸೇರಿ ಇನ್ನೊಂದು 170. ಒಟ್ಟು 340. ಇಲ್ಲಿ ತೆಗೆದುಹಾಕೋಕೆ ವೈಸೂ ಇಲ್ಲ, ಗಿಡ್ಡ ಮಾಡೋಕೆ ಬಿಟ್ಟೂ ಇಲ್ಲ. ಬಾರ್ ಗಿಡ್ಡ ಮಾಡಿದರೆ ತಳ ಮುಟ್ಟೋದಿಲ್ಲ.

ಮಾವ: ಅದನ್ನ ಲೇತಿನ ಕೆಲಸ ಅಂತ ನೋಡು. ಲೇತಿನ ಕ್ಯಾರೇಜ್ ಮೇಲೆ ಕೇಸಿಂಗ್ ಬಿಗಿದು, ಎರಡು ಸೆಂಟರ್ ನಡುವೆ ಬೋರಿಂಗ್ ಬಾರ್ ತಿರುಗಿಸಿದರೆ ಆಯ್ತು. ಮಿಲ್ಲಿಂಗ್ ಯಂತ್ರ ಇಲ್ಲದ ಕಾಲದಲ್ಲಿ ಪಂಪು, ಎಂಜಿನ್ನು ಎಲ್ಲಾ ಹಾಗೇ ಬೋರ್ ಆಗಿದ್ದು. ಗಣಿಯಲ್ಲಿ ಶವೆಲ್ಲಿನ ಬಕೆಟ್ ಪಿನ್ನಿನ ತೂತು ಸವೆದರೆ ಆ ಶವೆಲ್ಲನ್ನ ಮಿಲ್ಲಿಂಗಿಗೆ ಎತ್ತಿ ಇಡ್ತಾರಾ? ಬೋರಿಂಗ್ ಬಾರೇ ಶವೆಲ್ ಹತ್ತಿರ ಹೋಗಬೇಕು. ಜಾಬು ಯಂತ್ರಕ್ಕೆ ಹಿಡಿಸದಿದ್ದರೆ ಕಟ್ಟುವ ರೀತಿ ಬದಲಿಸಬೇಕು. ಯಂತ್ರ ಕೊಯ್ಯೋದು ಕೊನೆಗೆ.

ಅಳಿಯ: ಲೇತ್ ಎಲ್ಲಿದೆ ಮಾವ? ಇದ್ದರೂ ಕೇಸಿಂಗಿನ ಸೆಂಟರು ಲೇತಿನ ಸೆಂಟರಿಗೆ ಬರಬೇಕಾದರೆ ಅಡಿಗೆ ಪ್ಯಾಕಿಂಗ್ ಕೊಡಲೇಬೇಕು. ಅಲ್ಲಿ ಕೊಡುವ ಪ್ಯಾಕಿಂಗಿಗೂ ನಾನು ಇಲ್ಲಿ ಕೊಡುವ ಬ್ಲಾಕಿಗೂ ಏನು ವ್ಯತ್ಯಾಸ?

ಮಾವ: ಅಲ್ಲಿ ಪ್ಯಾಕಿಂಗ್ ಜಾಬಿನ ಅಡಿಗೆ. ಕೆಲಸ ಮುಗಿದ ಮೇಲೆ ತೆಗೆದಿಡ್ತೇವೆ, ಯಂತ್ರ ಹೇಗಿತ್ತೋ ಹಾಗೇ ಇರ್ತದೆ. ನೀನು ಕೊಡೋದು ಯಂತ್ರದ ಬುಡಕ್ಕೆ.

ಅಳಿಯ: ಯಂತ್ರ ಮಾಡಿದವರೇ ಇದನ್ನ ಮಾಡಿದ್ದಾರಲ್ಲ! ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರಿನ ಲೇತುಗಳನ್ನ ನೀವು ನೋಡಿದ್ದೀರಿ. ಗ್ಯಾಪ್ ಬೆಡ್ ಲೇತಿನಲ್ಲಿ ಚಕ್ಕಿನ ಮುಂದೆ ಬೆಡ್ಡಿನದೇ ಒಂದು ತುಂಡು ಬಿಚ್ಚೋಕೆ ಬರ್ತದೆ. ದೊಡ್ಡ ಜಾಬು ತಿರುಗಲಿ ಅಂತ ತಾನೇ? ಬ್ರಿಡ್ಜ್‌ಪೋರ್ಟ್ ಮಾದರಿಯ ಮಿಲ್ಲಿಂಗ್ ಯಂತ್ರಗಳಿಗೆ ಕಾಲಮ್ಮಿಗೂ ಮೇಲಿನ ಟರೆಟ್ಟಿಗೂ ನಡುವೆ ಕೂರಿಸುವ ರೈಸರ್ ಬ್ಲಾಕೇ ಸಿಗ್ತದೆ. ಅಮೆರಿಕದ ಶೆರ್ಲೈನಿನವರು ತಮ್ಮ ಪುಟ್ಟ ಯಂತ್ರಕ್ಕೆ ಉದ್ದದ ಕಾಲಮ್ಮು ಮಾರ್ತಾರೆ. ಅವರು ಮಾಡಿದರೆ ಡಿಸೈನು, ಬಾಳೂರಲ್ಲಿ ನಾನು ಮಾಡಿದರೆ ಹಾಳು ಮಾಡಿದ್ದಾ?

ಮಾವ: ಗ್ಯಾಪ್ ವಿಷಯ ತೆಗೆದದ್ದು ಒಳ್ಳೆಯದಾಯ್ತು. ಆ ತುಂಡು ಬಿಚ್ಚಿ ಮತ್ತೆ ಕೂರಿಸುವಾಗ ಅಡಿಗೆ ಒಂದು ಚೂರು ಬುರುದೆ ಸಿಕ್ಕಿದರೆ ಬೆಡ್ಡು ಅಲ್ಲಿ ಎದ್ದು ನಿಲ್ತದೆ. ಆಮೇಲೆ ಕ್ಯಾರೇಜ್ ಅಲ್ಲಿಗೆ ಬಂದಾಗಲೆಲ್ಲ ತಡೀತದೆ. ಅದಕ್ಕೇ ಹಳೇ ಟರ್ನರುಗಳು ಗ್ಯಾಪ್ ತುಂಡಿಗೆ ಕೈ ಹಚ್ಚೋಕೇ ಬಿಡ್ತಿರಲಿಲ್ಲ. ಕಂಪನಿಯೇ ಕೊಟ್ಟ ಸವಲತ್ತು, ಆದರೂ ಆ ಹೆದರಿಕೆ. ಇನ್ನು ನೀನು ಹೇಳಿದ ಬ್ರಿಡ್ಜ್‌ಪೋರ್ಟ್ ಒಂದು ಟನ್ನಿನ ಹತ್ತಿರ ತೂಗ್ತದೆ. ಅದರ ಕಾಲಮ್ಮು ನಿನ್ನ ಯಂತ್ರದ ಕಾಲಮ್ಮಿಗಿಂತ ಎಷ್ಟೋ ದಪ್ಪ. ಮೆಣಸು ಕೊಯ್ಯುವ ಏಣಿ ಗಿಡ್ಡ ಆಯ್ತು ಅಂತ ಅಡಿಗೆ ಕಲ್ಲು ಇಟ್ಟರೆ ಮೇಲಿರುವವನ ಗತಿ ಏನು, ಹೇಳು.

ಅಳಿಯ: ನನ್ನದು ಸಡಿಲ ಕಲ್ಲಲ್ಲ ಮಾವ, ಡೋವೆಲ್ ಪಿನ್ ಕೊಟ್ಟು ಬೋಲ್ಟ್ ಬಿಗಿದ ಬ್ಲಾಕು.

ಮಾವ: ಬಾಯಲ್ಲಿ ಹೇಳೋದು ಬೇಡ, ಡಯಲ್ ಗೇಜ್ ತಾ.

ಮಾವ ಡಯಲ್ ಗೇಜನ್ನು ಸ್ಪಿಂಡಲ್ಲಿಗೆ ಕಟ್ಟಿ, ಅದರ ಮೂತಿಯನ್ನು ಟೇಬಲ್ಲಿಗೆ ತಾಗಿಸಿದರು. ಒಂದು ಗೆರೆ ಎಂದರೆ 0.01 ಮಿ.ಮೀ. ಸ್ಪಿಂಡಲ್ಲನ್ನು ಕೈಯಲ್ಲಿ ನಿಧಾನ ಒಂದು ಸುತ್ತು ತಿರುಗಿಸಿದರು. ಮುಳ್ಳು ಎರಡು ಗೆರೆಯೊಳಗೇ ಆಡಿತು. ಚೆನ್ನಾಗಿ ಕೂರಿಸಿದ್ದೀಯ ಎಂದರು. ಆಮೇಲೆ ಗೇಜನ್ನು ಹಾಗೇ ಬಿಟ್ಟು, ಕಾಲಮ್ಮಿನ ತುದಿಗೆ ಅಂಗೈ ಕೊಟ್ಟು ಹಿಂದಕ್ಕೆ ಒತ್ತಿದರು. ಮುಳ್ಳು ಐದು ಗೆರೆ ಓಡಿತು. ಕೈ ತೆಗೆದರು, ವಾಪಸು ಬಂತು. ಮತ್ತೊಮ್ಮೆ ಒತ್ತಿದರು, ಮತ್ತೆ ಐದು ಗೆರೆ. ಬೀಡಿನ ಯಂತ್ರ ಒಂದು ಕೈಯ ಒತ್ತಿಗೆ ಬಾಗುವುದನ್ನು ಮೊದಲ ಸಲ ನೋಡಿದವರಿಗೆ ನಂಬಲು ಕಷ್ಟವಾಗುತ್ತದೆ. ಇಂಥ ಯಂತ್ರ ಇರುವ ಯಾರೂ ಇದನ್ನು ಮಾಡಿ ನೋಡಬಹುದು, ಹಾಳಾಗುವುದೇನೂ ಇಲ್ಲ.

ಮಾವ: ನೋಡಿದೆಯಲ್ಲ? ಇದು ನಿನ್ನ ಬ್ಲಾಕ್ ಬರೋಕೆ ಮುಂಚೆ. ಬುಡ ಹಿಡಿದ ಕಂಬದ ತುದಿ ತಳ್ಳಿದರೆ ಅದು ಉದ್ದದ ಘನದ ಲೆಕ್ಕದಲ್ಲಿ ಬಾಗ್ತದೆ. ನೀನು ಓದಿದವನು, ನನಗಿಂತ ಚೆನ್ನಾಗಿ ಗೊತ್ತು. 400 ಇರೋ ಕಂಬ 480 ಆದರೆ?

ಅಳಿಯ: 1.2ರ ಘನ. 1.73 ಪಟ್ಟು.

ಮಾವ: ಐದು ಗೆರೆ ಓಡಿದ ಕಡೆ ಎಂಟೂವರೆ ಓಡ್ತದೆ. ಎಂಡ್‌ಮಿಲ್ ಬೀಡಿಗೆ ಕಚ್ಚಿದಾಗ ಹೆಡ್ಡು ಅದುರ್ತದೆ, ಮೈ ಗರಗಸದ ಹಲ್ಲಾಗ್ತದೆ, ಟೂಲಿನ ಮೂತಿ ಹಾರ್ತದೆ.

ಅಳಿಯ: ಲೆಕ್ಕ ಸರಿ, ಆದರೆ ಅದು ಹೆಡ್ಡು ತುದಿಯಲ್ಲಿ ಇದ್ದಾಗಿನ ಲೆಕ್ಕ. ಗಿಡ್ಡ ಜಾಬು ಇಟ್ಟಾಗ ಹೆಡ್ಡು ಕೆಳಗೆ ಇಳಿದಿರ್ತದೆ. ಬುಡದಿಂದ ಟೂಲಿನ ಮೂತಿಗೆ ದೂರ ಮೊದಲು ಎಷ್ಟಿತ್ತೋ ಅಷ್ಟೇ. ಬ್ಲಾಕು ಕಾಲಮ್ಮಿಗಿಂತ ದಪ್ಪ ಇದ್ದರೆ ಅಲ್ಲಿ ಬಾಗೋದು ಇನ್ನೂ ಕಡಿಮೆ. ಎತ್ತರದ ಜಾಬಿಗೆ ಮಾತ್ರ ಯಂತ್ರ ಮೆತ್ತಗಾಗ್ತದೆ, ಆ ಜಾಬನ್ನ ಮೊದಲು ಮಾಡೋಕೇ ಆಗ್ತಿರಲಿಲ್ಲ. ಬೋರಿಂಗಲ್ಲಿ ಒಂದು ಸಲಕ್ಕೆ 0.1 ತೆಗೆದುಕೊಂಡು ನಿಧಾನ ಹೋದರೆ ಮೆತ್ತಗಿನ ಯಂತ್ರವೂ ಮಾಡ್ತದೆ.

ಮಾವ: ಹೂಂ. ಅದು ಹೌದು. ಹೆಡ್ಡು ಕೆಳಗಿದ್ದಾಗ ನಾನು ಹೇಳಿದಷ್ಟು ಆಗೋದಿಲ್ಲ. ಆದರೆ ಕೆಳಗೆ ಎಷ್ಟು ಇಳೀತದೆ ಅಂತ ನೋಡಿದ್ದೀಯಾ? ನಿನ್ನ ಹೆಡ್ಡು ಓಡೋದು 180. ಈಗ 280ರಿಂದ 100ರವರೆಗೆ ಇಳೀತದೆ. ಬ್ಲಾಕ್ ಕೊಟ್ಟ ಮೇಲೆ 360ರಿಂದ 180. ಮೇಲೆ 80 ಬಂತು, ಕೆಳಗೆ 80 ಹೋಯ್ತು. ಕಿಟಕಿಯನ್ನ ದೊಡ್ಡದು ಮಾಡಿದ್ದಲ್ಲ, ಎತ್ತಿ ಕೂರಿಸಿದ್ದು. ತೆಳು ಪ್ಲೇಟೊಂದನ್ನ ಟೇಬಲ್ಲಿಗೆ ನೇರ ಬಿಗಿದರೆ ಎಂಡ್‌ಮಿಲ್ ಮುಟ್ಟೋದೇ ಇಲ್ಲ.

ಅಳಿಯ: ವೈಸ್ 80, ಜಾಬು 20, ಕಾಲೆಟ್ಟಿನ ಜೊತೆ ಎಂಡ್‌ಮಿಲ್ 80ಕ್ಕಿಂತ ಹೆಚ್ಚೇ ಹೊರಗೆ ಬರ್ತದೆ. 180 ಸರಿಹೋಗ್ತದೆ. ವೈಸಿನಲ್ಲಿ ಮಾಡುವ ಕೆಲಸಕ್ಕೆ ತೊಂದರೆ ಇಲ್ಲ.

ಮಾವ: ವೈಸಲ್ಲಿ ಕಟ್ಟದೆ ಟೇಬಲ್ಲಿಗೆ ನೇರ ಬಿಗಿ ಅಂತ ಈಗ ತಾನೇ ಹೇಳಿಕೊಟ್ಟೆ. ಆ ದಾರಿ ಮುಚ್ಚಿತಲ್ಲ?

ಅಳಿಯ: ಅಂಥ ಜಾಬಿನ ಅಡಿಗೆ, ಟೇಬಲ್ಲಿನ ಮೇಲೆ ಕೂರಿಸೋಕೆ ದಪ್ಪ ಪ್ಲೇಟ್ ಒಂದು ಮಾಡಿ ಇಟ್ಟುಕೊಳ್ತೇನೆ. ಇಲ್ಲದಿದ್ದರೆ ಹೆಡ್ಡು ಓಡುವ ಉದ್ದವನ್ನೇ ಹೆಚ್ಚಿಸಬೇಕು. ಅಂದರೆ ಕಾಲಮ್ಮಿನ ಡವ್‌ಟೇಲೂ ಉದ್ದ ಬೇಕು, ರ್‍ಯಾಕೂ ಉದ್ದ ಬೇಕು. ಅದು ಹೊಸ ಕಾಲಮ್ಮನ್ನೇ ಮಾಡಿದ ಹಾಗೆ, ನನ್ನಿಂದ ಆಗೋದಿಲ್ಲ. ಬ್ಲಾಕಾದರೆ ಆಗ್ತದೆ.

ಈ ಹೊತ್ತಿಗೆ ತೋಟದ ಲೆಕ್ಕ ನೋಡಿಕೊಳ್ಳುವ ಮಾವನ ತಂಗಿ, ಅಂದರೆ ಅಳಿಯನ ತಾಯಿ, ಶೆಡ್ಡಿಗೆ ಬಂದರು. ಅವರಿಗೆ ಬೇಕಾಗಿದ್ದು ಬ್ರಾಕೆಟ್ಟಿನ ಸುದ್ದಿ.

ಅಮ್ಮ: ಅಣ್ಣ, ಪಲ್ಪರ್ ಆಗ್ತದಾ ಇಲ್ಲವಾ, ಅದನ್ನ ಮೊದಲು ಹೇಳಿ. ಹಣ್ಣು ಕೊಯ್ದ ದಿನವೇ ಪಲ್ಪ್ ಮಾಡಬೇಕು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಹೇಳೋದೂ ಅದನ್ನೇ. ರಾತ್ರಿ ಚೀಲದಲ್ಲೇ ಬಿಸಿಯಾದರೆ ಆ ವಾಸನೆ ಬೀಜಕ್ಕೆ ಇಳೀತದೆ, ಪಾರ್ಚ್‌ಮೆಂಟಿಗೆ ರೇಟು ಸಿಗೋದಿಲ್ಲ.

ಮಾವ: ಇವತ್ತು ಸಂಜೆಗೇ ಆಗ್ತದೆ ತಂಗಿ. ನಾವು ಜಗಳ ಆಡ್ತಿರೋದು ಪಂಪಿನ ವಿಷಯಕ್ಕೆ.

ಅಮ್ಮ: ಜಗಳ ಯಾಕೆ? ಯಂತ್ರ ಸಣ್ಣದಾದರೆ ದೊಡ್ಡದು ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಸಿಗ್ತದಂತಲ್ಲ.

ಅಳಿಯ: ಸಿಗ್ತದೆ. 1961ರಲ್ಲಿ ಬೆಂಗಳೂರಲ್ಲಿ ಶುರುವಾದ ಬಿಎಫ್‌ಡಬ್ಲ್ಯೂ, ಅದಕ್ಕೂ ಮುಂಚಿನ ಎಚ್‌ಎಂಟಿ ಮಾಡಿದ ಹಳೇ ಮಿಲ್ಲಿಂಗ್ ಯಂತ್ರಗಳು ಈಗಲೂ ಓಡ್ತಾ ಇವೆ. ಅವುಗಳಲ್ಲಿ ಟೇಬಲ್ಲೇ ಕೆಳಗೆ ಇಳೀತದೆ, ಕಾಲಮ್ಮಿನ ತಂಟೆಗೆ ಹೋಗೋದೇ ಬೇಡ. ಆದರೆ ಟನ್ ಲೆಕ್ಕದ ಯಂತ್ರವನ್ನ ನಮ್ಮ ತೋಟದ ಏರು ಹತ್ತಿಸೋದು ಹೇಗಮ್ಮ? ತ್ರೀ ಫೇಸ್ ಬೇಕು, ಅಡಿಗೆ ಕಾಂಕ್ರೀಟ್ ಬೇಕು. ಇದನ್ನ ಇಬ್ಬರು ಎತ್ತಿಕೊಂಡು ಬಂದಿದ್ದೇವೆ. ಮರ ಬಿದ್ದು ಲೈನ್ ಹೋದರೆ ಮನೆಯ ಸಣ್ಣ ಜನರೇಟರಲ್ಲೇ ಓಡ್ತದೆ.

ಅಮ್ಮ: ಹಾಗಾದರೆ ಪಂಪನ್ನ ಪ್ರತಿ ಸಲದ ಹಾಗೆ ಪೇಟೆಗೆ ಕಳಿಸಿ.

ಅಳಿಯ: ಕಳಿಸಿದರೆ ಎಲ್ಲರ ಪಂಪೂ ಅಲ್ಲಿಗೇ ಬಂದಿರ್ತದೆ. ಫೆಬ್ರವರಿಯಲ್ಲಿ ಹೂವಿನ ನೀರು ಕೊಡುವ ವಾರಕ್ಕೆ ಎಲ್ಲರಿಗೂ ಒಟ್ಟಿಗೇ ಬೇಕು. 2019ರ ಆಗಸ್ಟಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಬಂದ್ ಆದದ್ದು ನೆನಪಿದೆಯಲ್ಲ? ರಸ್ತೆ ಇಲ್ಲದಾಗ ಪೇಟೆಯ ಲೇತ್ ಇದ್ದೂ ಇಲ್ಲದ ಹಾಗೆ. ಮಾವ ಹೇಳೋದು ಯಂತ್ರದ ಮಟ್ಟಿಗೆ ಸರಿ. ಆದರೆ ಅವರ ವರ್ಕ್‌ಶಾಪಲ್ಲಿ ಒಂದು ಯಂತ್ರದಲ್ಲಿ ಆಗದಿದ್ದರೆ ಪಕ್ಕದಲ್ಲಿ ಇನ್ನೊಂದು ಯಂತ್ರ ಇತ್ತು. ಅದಿರನ್ನ 67 ಕಿಲೋಮೀಟರ್ ಪೈಪಲ್ಲಿ ಪಣಂಬೂರಿಗೆ ಹರಿಸಿದ ಕಂಪನಿ ಅದು. ನನಗೆ ಇರೋದು ಇದೊಂದೇ. ಒಂದೇ ಯಂತ್ರ ಇರುವವನು ಅದರಲ್ಲೇ ಹತ್ತು ಕೆಲಸ ತೆಗೀಬೇಕು.

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ಪ್ರಶ್ನೆಯಲ್ಲಿ ಅವರ ದನಿ ಬೇರೆಯಾಗಿತ್ತು. ಬೇಡ ಎನ್ನುವುದನ್ನು ಬಿಟ್ಟು, ಮಾಡುವುದಾದರೆ ಹೇಗೆ ಎಂದು ಕೇಳತೊಡಗಿದರು. ನನಗೆ ಈ ಸಂವಾದದಲ್ಲಿ ಮುಖ್ಯ ಎನಿಸಿದ ಭಾಗ ಇದೇ.

ಮಾವ: ಬ್ಲಾಕು ಯಾವುದರಲ್ಲಿ ಮಾಡ್ತೀಯ?

ಅಳಿಯ: ಅಲ್ಯೂಮಿನಿಯಂ. ಕೊರೆಯೋಕೆ ಸುಲಭ, ನನ್ನ ಯಂತ್ರದಲ್ಲೇ ಆಗ್ತದೆ.

ಮಾವ: ಅದೇ ತಪ್ಪು. ಒಂದೇ ಅಳತೆಯ ಅಲ್ಯೂಮಿನಿಯಂ ಸ್ಟೀಲಿನ ಮೂರು ಪಟ್ಟು ಬಾಗ್ತದೆ. ಮೊದಲೇ ಮೆತ್ತಗಿರುವ ಯಂತ್ರದ ಬುಡಕ್ಕೆ ಅದನ್ನ ಕೊಡಬೇಡ. ಚಾನೆಲ್ ತುಂಡು ವೆಲ್ಡಿಂಗ್ ಮಾಡಿಯೂ ಬೇಡ. ವೆಲ್ಡಿಂಗ್ ಬಿಸಿಗೆ ಒಳಗೆ ಎಳೆತ ಉಳಿದಿರ್ತದೆ, ಇವತ್ತು ಮಟ್ಟ ಮಾಡಿದ್ದು ಬರುವ ವರ್ಷ ತಿರುಚಿಕೊಳ್ತದೆ. ಬೀಡು ತಗೋ. ಅದೂ ಹಳೇ ಬೀಡು. ಗುಜರಿಯಲ್ಲಿ ಯಾವುದಾದರೂ ಹಳೇ ಯಂತ್ರದ ಅಡಿಪಾಯ ಬಿದ್ದಿರ್ತದೆ. ವರ್ಷಗಟ್ಟಲೆ ಬಿಸಿಲು ಮಳೆ ಕಂಡ ಎರಕದಲ್ಲಿ ಎಳೆತ ಎಲ್ಲಾ ಸತ್ತಿರ್ತದೆ. ಬೀಡು ಅದುರನ್ನ ನುಂಗ್ತದೆ ಕೂಡ.

ಅಳಿಯ: ಅಳತೆ?

ಮಾವ: ಕಾಲಮ್ಮಿನ ಬುಡದಷ್ಟೇ ಇರಬೇಕು ಅಂತ ಯಾಕೆ? ಇನ್ನೂ ಅಗಲ ಮಾಡು. ಹಿಂದೆ ಒಂದು ದಪ್ಪ ಸ್ಟೀಲ್ ಪ್ಲೇಟ್ ಕೊಟ್ಟು, ಬೇಸು, ಬ್ಲಾಕು, ಕಾಲಮ್ಮು ಮೂರನ್ನೂ ಅದಕ್ಕೆ ಬಿಗಿ. ಈ ಮಾದರಿಯಲ್ಲಿ ಕಾಲಮ್ಮನ್ನ ಪಕ್ಕಕ್ಕೆ ಓರೆ ಮಾಡಲಿಕ್ಕೆ ಅಂತ ಬುಡದಲ್ಲಿ ಒಂದೇ ದೊಡ್ಡ ನಟ್ಟು ಕೊಟ್ಟಿದ್ದಾರೆ. ನೀನು ಎಂದಾದರೂ ಓರೆ ಮಾಡಿದ್ದೀಯಾ?

ಅಳಿಯ: ಇಲ್ಲ.

ಮಾವ: ಮಾಡೋದೂ ಇಲ್ಲ. ಈಗ ನಾನು ಒತ್ತಿದಾಗ ಐದು ಗೆರೆ ಓಡಿತಲ್ಲ, ಹೆಚ್ಚಿನ ಪಾಲು ಆ ಒಂಟಿ ನಟ್ಟಿನದು. ಅದನ್ನ ನೆಚ್ಚಿಕೊಳ್ಳದೆ ನಾಲ್ಕು ಬೋಲ್ಟಲ್ಲಿ ಕೂರಿಸಿ ಹಿಂದೆ ಪ್ಲೇಟ್ ಕೊಟ್ಟರೆ, ಎತ್ತರ ಆದ ಮೇಲೂ ಯಂತ್ರ ಈಗಿನದಕ್ಕಿಂತ ಗಟ್ಟಿ ನಿಲ್ಲಬಹುದು.

ಅಳಿಯ: ಹಾಗಾದರೆ ಎತ್ತರಿಸೋದು ಸರಿ ಅಂತಾಯ್ತು!

ಮಾವ: ಗಟ್ಟಿ ಮಾಡೋದು ಸರಿ ಅಂತಾಯ್ತು. ಎತ್ತರದ ಮಾತು ಇನ್ನೂ ಉಳಿದಿದೆ. ಬ್ಲಾಕಿನ ಮೇಲಿನ ಮೈ, ಕೆಳಗಿನ ಮೈ ಸಮಾನಾಂತರ ಇರಬೇಕು. 100 ಎಂಎಂ ಉದ್ದಕ್ಕೆ 0.02 ತಪ್ಪಿದರೂ 360 ಎತ್ತರದಲ್ಲಿ ಅದು 0.07 ಆಗ್ತದೆ. ನಿನ್ನ ಬೇರಿಂಗ್ ಸೀಟು ಅಷ್ಟು ಓರೆಯನ್ನ ತಡೆಯೋದಿಲ್ಲ. ಅದನ್ನ ನಿನ್ನ ಯಂತ್ರದಲ್ಲಿ ಮಾಡೋಕಾಗೋದಿಲ್ಲ, ಸರ್ಫೇಸ್ ಗ್ರೈಂಡರೇ ಬೇಕು. ಎಲ್ಲಿ ಮಾಡಿಸ್ತೀಯ?

ಅಳಿಯ: ಬೆಂಗಳೂರಿನ ಪೀಣ್ಯಕ್ಕೆ ಒಯ್ಯಬೇಕು.

ಮಾವ: ಪೇಟೆಗೆ ಹೋಗಬಾರದು ಅಂತ ಶುರು ಮಾಡಿ ಪೀಣ್ಯಕ್ಕೆ ಹೋದೆಯಲ್ಲ.

ಅಳಿಯ: ಒಂದೇ ಸಲ ಮಾವ. ಆಮೇಲೆ ಪ್ರತಿ ಜಾಬಿಗೂ ಹೋಗೋದು ತಪ್ಪುತ್ತದೆ.

ಅಮ್ಮ: ನಮ್ಮ ಕಡೆ ಐಟಿಐಗಳಲ್ಲಿ ಇರೋದಿಲ್ಲವಾ ಆ ಯಂತ್ರ? ಮಕ್ಕಳು ಫಿಟ್ಟರ್, ಟರ್ನರ್ ಕಲಿಯೋದು ಎಲ್ಲಿ ಮತ್ತೆ?

ಮಾವ: ಮೆಷಿನಿಸ್ಟ್ ಟ್ರೇಡ್ ಇರುವ ಕಡೆ ಗ್ರೈಂಡಿಂಗ್ ಯಂತ್ರ ಇರಲೇಬೇಕು. ಆದರೆ ಊರವರ ಜಾಬು ಅಲ್ಲಿಗೆ ಹೋಗೋದು ಕಡಿಮೆ. ಹೋದರೆ ಮಕ್ಕಳಿಗೂ ನಿಜವಾದ ಕೆಲಸ ಸಿಗ್ತಿತ್ತು. ಪರೀಕ್ಷೆಗೆ ಅಂತ ಮಾಡಿದ ತುಂಡು ಗುಜರಿಗೆ ಹೋಗ್ತದೆ. ಪಲ್ಪರಿಗೆ ಮಾಡಿದ ತುಂಡು ಕಾಫಿ ಪಲ್ಪ್ ಮಾಡ್ತದೆ.

ಅಳಿಯ: ಮಳೆಯ ವಿಷಯ ನೀವು ಹೇಳಲೇ ಇಲ್ಲ.

ಮಾವ: 100 ಇಂಚು ದಾಟುವ ಊರಲ್ಲಿ ಅದನ್ನ ಬೇರೆ ಹೇಳಬೇಕಾ? ಬ್ಲಾಕು ಬಂದರೆ ಒಂದು ಸೇರಿಕೆ ಇದ್ದಲ್ಲಿ ಎರಡು ಆಗ್ತದೆ. ಸೇರಿಕೆಯೊಳಗೆ ತೇವ ಕೂತರೆ ತುಕ್ಕು ಉಬ್ಬಿ ಮಟ್ಟ ಕೆಡಿಸ್ತದೆ. ಕೂರಿಸುವಾಗ ಎರಡು ಮೈಗೂ ತೆಳುವಾಗಿ ಎಣ್ಣೆ ಕೈ ಆಡಿಸು. ಜುಲೈ ತಿಂಗಳಲ್ಲಿ ಒಂದು ಸಲ, ಮಳೆ ಬಿಟ್ಟ ಮೇಲೆ ಒಂದು ಸಲ ಡಯಲ್ ಗೇಜ್ ಹಾಕಿ ನೋಡು. ಹೆಡ್ಡನ್ನ ಎತ್ತಿ ಹಿಡಿಯುವ ಹಿಂದಿನ ಸ್ಪ್ರಿಂಗ್ ತೋಳಿಗೂ ಹೊಸ ಎತ್ತರ ಹೊಂದೋದಿಲ್ಲ, ಅದಕ್ಕೂ ಏನಾದರೂ ಮಾಡಿಕೋ. ಇಲ್ಲದಿದ್ದರೆ ಲಾಕ್ ಬಿಟ್ಟ ಕೂಡಲೇ ಹೆಡ್ಡು ಜಾಬಿನ ಮೇಲೆ ಕೂರ್ತದೆ. ಕೈ ಅಡಿಯಲ್ಲಿದ್ದರೆ ಕೈ ಹೋಯ್ತು.

ಅಳಿಯ: ಗ್ಯಾಸ್ ಸ್ಪ್ರಿಂಗ್ ಹಾಕ್ತೇನೆ. ಆದರೂ ನಿಮ್ಮ ಮನಸ್ಸು ಒಪ್ಪಿದ ಹಾಗೆ ಕಾಣೋದಿಲ್ಲ.

ಮಾವ: ಒಪ್ಪಿಲ್ಲ. ಆ ಕೇಸಿಂಗಿಗೆ ಲೇತೇ ಸರಿ ಅಂತ ಈಗಲೂ ನನಗೆ ಅನ್ನಿಸ್ತದೆ. ವರ್ಷಕ್ಕೆ ಒಂದೋ ಎರಡೋ ಎತ್ತರದ ಜಾಬಿಗೆ ಅಂತ ವರ್ಷಪೂರ್ತಿಯ ಸಣ್ಣ ಜಾಬುಗಳಿಗೆ ತೊಂದರೆ ಮಾಡಿಕೊಳ್ತಾ ಇದ್ದೀಯ.

ಅಳಿಯ: ಆ ಒಂದೋ ಎರಡೋ ಜಾಬಿನಲ್ಲೇ ವರ್ಷದ ಬೆಳೆ ನಿಂತಿದೆ ಮಾವ. ಹೂವಿನ ನೀರು ಒಂದು ವಾರ ತಡವಾದರೆ ಆಮೇಲೆ ಕೊಟ್ಟು ಪ್ರಯೋಜನ ಇಲ್ಲ.

ಅಮ್ಮ: ನನಗೆ ಗೊತ್ತಿರೋದು ಇಷ್ಟೇ. ಜನವರಿ ಮುಗಿಯೋದರೊಳಗೆ ಪಂಪು ನೀರು ಎತ್ತಬೇಕು. ಲೇತಲ್ಲಾದರೂ ಮಾಡಿ, ಬ್ಲಾಕಲ್ಲಾದರೂ ಮಾಡಿ.

ಮಾವ: ಹಾಗಾದರೆ ಈ ವರ್ಷದ ಕೇಸಿಂಗ್ ಲೇತಿಗೆ ಹೋಗಲಿ, ನಾನೇ ಜೊತೆಗೆ ಹೋಗಿ ನಿಂತು ಮಾಡಿಸ್ತೇನೆ. ನೀನು ಬ್ಲಾಕಿಗೆ ಬೀಡು ಹುಡುಕು. ಒಂದು ಮಾತು ಮಾತ್ರ ಕೊಡು: ಬೇಸಿನಲ್ಲಿ ಈಗಿರುವ ತೂತು ಕೆಡಿಸಬೇಡ, ಕಾಲಮ್ಮನ್ನ ಕೊಯ್ಯಬೇಡ. ಬ್ಲಾಕ್ ಬಿಚ್ಚಿದರೆ ಯಂತ್ರ ಹಳೇ ಎತ್ತರಕ್ಕೆ ವಾಪಸು ಬರಬೇಕು.

ಅಳಿಯ: ಅದಕ್ಕೆ ಒಪ್ಪಿದೆ. ಬಿಚ್ಚುವ ದಿನ ಬರೋದಿಲ್ಲ ಅನ್ನೋದು ನನ್ನ ನಂಬಿಕೆ.

ಮಾವ: ನೋಡೋಣ. ಈಗ ಮುರಿದ ಬಿಟ್ಟು ತಾ.

ಬ್ರಾಕೆಟ್ಟಿನ ಎರಡು ತೂತೂ ಅಂದು ಸಂಜೆಯೇ ಆದವು. 10.2ರ ಬಿಟ್ಟು, ಎಂ12 ಟ್ಯಾಪು, ಹೆಡ್ಡಿನ ಮೇಲೆ ಇನ್ನೂ 70 ಮಿ.ಮೀ. ಜಾಗ.

ಲೇತ್ ಸರಿಯೋ ಬ್ಲಾಕ್ ಸರಿಯೋ ಎಂಬುದನ್ನು ಓದುಗರು ತಮ್ಮ ತಮ್ಮ ಜಾಬು ನೋಡಿ ತೀರ್ಮಾನಿಸಲಿ. ನಾನು ಕೇಳಿಕೊಳ್ಳುವುದು ಜಿಲ್ಲೆಯ ಐಟಿಐಗಳನ್ನು ನಡೆಸುವವರನ್ನು. ಮಳೆ ಬಿಟ್ಟ ಮೇಲೆ, ಕೊಯ್ಲು ಶುರುವಾಗುವ ಮೊದಲು, ವಾರಕ್ಕೆ ಒಂದು ದಿನ ನಿಮ್ಮ ಗ್ರೈಂಡಿಂಗ್ ಯಂತ್ರ, ನಿಮ್ಮ ಲೇತ್ ತೋಟದವರ ಜಾಬಿಗೂ ಓಡಲಿ. ಕೂಲಿ ತೆಗೆದುಕೊಳ್ಳಿ, ಕೆಲಸ ಮಕ್ಕಳ ಕೈಯಲ್ಲೇ ಮಾಡಿಸಿ. ಬಾಳೂರಿನ ಹುಡುಗನೊಬ್ಬ ಬೀಡಿನ ಬ್ಲಾಕ್ ಹಿಡಿದು ಬಂದರೆ ಅವನನ್ನು ಬಾಗಿಲಿಂದ ವಾಪಸು ಕಳಿಸಬೇಡಿ.